ಹದಿನೈದನೆಯ ಕೈ

ಗ್ರೂಪ್ ಫೋಟೋ ಕೈಗೆ ಸಿಕ್ಕಿದರೆ ಲೋಕದ ಜನ ಮೊದಲು ಮುಖ ನೋಡುತ್ತಾರೆ, ಕಾಸ್ಮಿರ್ ಲೋಬೊ ಮಾತ್ರ ಕೈ ಎಣಿಸುತ್ತಾನೆ. ನಗಬೇಡಿ, ಅದು ಅವನಿಗೆ ಅನ್ನ ಕೊಟ್ಟ ವಿದ್ಯೆ. ಉಡುಪಿಯಲ್ಲಿ ಗೋಪಿನಾಥ ಮಾಸ್ಟರ ಸ್ಟುಡಿಯೋದಲ್ಲಿ ಅವನು ಬ್ರಷ್ ಹಿಡಿಯಲು ಕಲಿತ ಕಾಲಕ್ಕೆ ಕರಾವಳಿಯ ಅರ್ಧ ಗಂಡಸರು ಮಸ್ಕತ್, ದುಬೈ, ದೋಹಾ ಅಂತ ಹೊರಟುಹೋಗಿದ್ದರು. ಮನೆಯಲ್ಲಿ ತೊಟ್ಟಿಲ ಶಾಸ್ತ್ರವೋ ತಂಗಿಯ ಮದುವೆಯೋ ಬಂದರೆ, ಯಜಮಾನನೇ ಇಲ್ಲದ ಫೋಟೋ ಯಾರಿಗೆ ಬೇಕು? ಹಾಗಾಗಿ ಪಕ್ಕದ ಮನೆಯವನಿಗೆ ಕೋಟು ತೊಡಿಸಿ ಹೆಂಡತಿಯ ಮಗ್ಗುಲಲ್ಲಿ ನಿಲ್ಲಿಸುವುದು, ಆಮೇಲೆ ಗಲ್ಫಿನಿಂದ ಅಂಚೆಯಲ್ಲಿ ಬಂದ ಗಂಡನ ಫೋಟೋವನ್ನು ಅವನ ಜಾಗಕ್ಕೆ ಅಂಟಿಸಿ, ಅಂಚಿಗೆ ಬಣ್ಣ ಹಚ್ಚಿ, ಮತ್ತೊಮ್ಮೆ ಫೋಟೋ ಹೊಡೆಯುವುದು. ಊರಿಗೂರೇ ಇದನ್ನು ಒಪ್ಪಿಕೊಂಡಿತ್ತು.

ಇಪ್ಪತ್ತೆರಡರ ಕಾಸ್ಮಿರ್ ಒಮ್ಮೆ ಎಡವಟ್ಟು ಮಾಡಿದ. ಪಕ್ಕದ ಮನೆಯವನನ್ನು ಪೂರ್ತಿ ಅಳಿಸಿದವನು, ಆ ಹೆಂಗಸಿನ ಹೆಗಲ ಮೇಲಿದ್ದ ಅವನ ಒಂದು ಕೈಯನ್ನು ಮರೆತುಬಿಟ್ಟ. ಗಂಡ ರಜೆಗೆ ಬಂದು ಗೋಡೆಯ ಫೋಟೋ ನೋಡಿ, "ನನ್ನ ಎರಡು ಕೈಯೂ ಮುಂದೆಯೇ ಉಂಟಲ್ಲ, ಹಾಗಾದ್ರೆ ಇದು ಯಾರದ್ದು?" ಎಂದು ಕೇಳಿದ. ಆ ಮನೆಯಲ್ಲಿ ಎರಡು ತಿಂಗಳ ರಜೆ ಪೂರ್ತಿ ರಂಪ ನಡೆಯಿತು. ಗೋಪಿನಾಥ ಮಾಸ್ಟರು ಬ್ರಷ್ಷಿನ ಹಿಡಿಯಲ್ಲಿ ಕಾಸ್ಮಿರನ ಗೆಣ್ಣಿಗೆ ಬಾರಿಸಿ, "ತಲೆ ಒಂದು ಹೆಚ್ಚಾದ್ರೆ ನೆಂಟ ಅಂತ ಹೇಳ್ಬಹುದು ಮಾರಾಯ, ಕೈ ಒಂದು ಹೆಚ್ಚಾದ್ರೆ ಎಂತ ಹೇಳುದು?" ಎಂದಿದ್ದರು. ಅಂದಿನಿಂದ ಕಾಸ್ಮಿರ್ ಕೈ ಎಣಿಸುವ ಮನುಷ್ಯನಾದ.

ಈಗ ಅವನಿಗೆ ಐವತ್ತೆಂಟು. ದೋಹಾದ ಓಲ್ಡ್ ಏರ್‌ಪೋರ್ಟ್ ರಸ್ತೆಯಲ್ಲಿ ಅಬ್ದುಲ್ ಲತೀಫ್ ಬ್ಯಾರಿಗಳ ಸ್ಟುಡಿಯೋದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಇದ್ದಾನೆ. ಕಂಪ್ಯೂಟರ್ ಬಂದಮೇಲೆ ಮುಂದಿನ ಕೆಲಸವೆಲ್ಲ ಲತೀಫರ ಮಗನ ಹೆಂಡತಿ ಸಫೂರಾಳದ್ದು. ಹಿಂದಿನ ಮೂಲೆಯಲ್ಲಿ ಒಂದು ಮೇಜು, ಒಂದು ದೀಪ, ಭೂತಗನ್ನಡಿ, ಬಣ್ಣದ ಬಿಲ್ಲೆಗಳು ಮತ್ತು ಕಾಸ್ಮಿರ್. ಹಳೆಯ ಫೋಟೋ ಬಂದರೆ ಮಾತ್ರ ಅವನಿಗೆ ಕರೆ. ಅದು ಎರಡು ಸಾವಿರದ ಆರರ ನವೆಂಬರ್. ದೋಹಾದಲ್ಲೇ ನಡೆಯಲಿದ್ದ ಏಷ್ಯನ್ ಗೇಮ್ಸಿಗೆ ಎರಡು ವಾರ ಇತ್ತು. ಊರಿನ ರಸ್ತೆಗಳನ್ನೆಲ್ಲ ಅಗೆದುಹಾಕಿದ್ದರು, ಅಂಗಡಿಯ ಮುಂದೆ ಗುರುತಿನ ಚೀಟಿಯ ಫೋಟೋಗೆ ಜನ ಸಾಲುಗಟ್ಟಿದ್ದರು.

ಆ ಗದ್ದಲದ ನಡುವೆ ಬುಧವಾರ ನಾಝಿಕ್ ಟೀಚರ್ ಬಂದು ಹೋದರು. ಡಮಾಸ್ಕಸಿನ ಹೆಂಗಸು, ವಯಸ್ಸು ಎಪ್ಪತ್ತೊಂಬತ್ತು. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಹೊಸತರಲ್ಲಿ ದೋಹಾಕ್ಕೆ ಪಾಠ ಹೇಳಲು ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಈ ಊರಿನ ಅರ್ಧ ಅಜ್ಜಿಯರು ಅಕ್ಷರ ಕಲಿತದ್ದು ಅವರ ಹತ್ತಿರವೇ. ಒಂದು ಕಪ್ಪುಬಿಳುಪು ಫೋಟೋವನ್ನು ಸಫೂರಾಳ ಕೈಗಿಟ್ಟು, "ಬಿಳಿ ಚುಕ್ಕೆ ಮಾತ್ರ ತೆಗೆಯಬೇಕು, ಆಮೇಲೆ ಇದರದ್ದೊಂದು ದೊಡ್ಡ ಪ್ರತಿ ಬೇಕು. ಶನಿವಾರ ಹತ್ತು ಗಂಟೆಗೆ ಬರುತ್ತೇನೆ," ಎಂದರು. ಸಾಲಿನಲ್ಲಿ ನಿಂತವರ ಗಲಾಟೆಗೆ ಸಫೂರಾ ಕವರಿನ ಮೇಲೆ 'ಕ್ಲೀನ್, ದೊಡ್ಡದು' ಎಂದಷ್ಟೇ ಗೀಚಿ ಕಾಸ್ಮಿರನ ಮೇಜಿಗೆ ಎಸೆದಳು.

ಗುರುವಾರ ಕಾಸ್ಮಿರ್ ಕವರ್ ಬಿಚ್ಚಿದ. ಏಳು ಜನ ತರುಣರು. ಮೂವರು ಕುರ್ಚಿಯಲ್ಲಿ, ನಾಲ್ವರು ಹಿಂದೆ. ಬೂಸ್ಟು ಹಿಡಿದು ಅಲ್ಲಲ್ಲಿ ಬಿಳಿ ಚುಕ್ಕೆ. ಅದನ್ನೆಲ್ಲ ಬ್ರಷ್ಷಿನ ತುದಿಯಲ್ಲಿ ಮುಚ್ಚಿ, ಅಭ್ಯಾಸಬಲದಿಂದ ಕೈ ಎಣಿಸಿದ. ಹದಿನೈದು! ಇನ್ನೊಮ್ಮೆ ಎಣಿಸಿದ. ಏಳು ತಲೆಗೆ ಹದಿನೈದೇ ಕೈ. ಎಡಗಡೆಯ ಕುರ್ಚಿಯಲ್ಲಿ ಕೂತ ತೆಳ್ಳಗಿನ ಹುಡುಗನ ಹೆಗಲ ಮೇಲೆ ಒಂದು ಅನಾಥ ಕೈ. ಅದರ ಹಿಂದೆ ಮನುಷ್ಯನೇ ಇಲ್ಲ, ಬರೀ ಪರದೆ!

ಕಾಸ್ಮಿರನಿಗೆ ನಗು ತಡೆಯಲಾಗಲಿಲ್ಲ. "ಸಫೂರಾ, ಇಲ್ಲಿ ಬಾ ನೋಡು! ಅರಬರ ಊರಲ್ಲೂ ನನ್ನಂಥ ಒಬ್ಬ ಇದ್ದ! ಆಳನ್ನು ಅಳಿಸಿ ಕೈಯನ್ನು ಮರ್ತಿದ್ದಾನೆ, ಪಾಪ."

ಯಾರೋ ಗುರುತಿಲ್ಲದ ಆ ಹಳೇ ಕಸುಬಿನವನ ಮಾನ ಉಳಿಸುವುದು ತನ್ನ ಕರ್ತವ್ಯ ಎಂದೇ ಅವನಿಗೆ ಅನ್ನಿಸಿತು. ಬಣ್ಣದ ಬಿಲ್ಲೆ ನೆನೆಸಿ, ಹೊಳಪಿಗೆ ಗೋಂದು ಬೆರೆಸಿ, ಬೆರಳೊಂದೊಂದನ್ನೇ ಕೋಟಿನ ಕಪ್ಪಿನಲ್ಲಿ ಮುಳುಗಿಸಿದ. ಎರಡು ಗಂಟೆಯ ಕೆಲಸ, ಬಿಲ್ಲಿಗೂ ಸೇರಿಸಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದರೂ ಅಲ್ಲೊಂದು ಕೈ ಇತ್ತೆಂದು ಹೇಳುವ ಹಾಗಿರಲಿಲ್ಲ. ಶುಕ್ರವಾರದ ಬಲಿಪೂಜೆಗೆ ಕೂತಾಗಲೂ ಅವನು ಆ ಕೋಟಿನ ನೆರಿಗೆಯನ್ನೇ ನೆನೆದು ಒಳಗೊಳಗೇ ಬೀಗುತ್ತಿದ್ದ.

ಶನಿವಾರ ಹತ್ತಕ್ಕೆ ಸರಿಯಾಗಿ ಟೀಚರ್ ಬಂದರು. ಬೂದುಬಣ್ಣದ ಸೂಟು, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು, ಕೈಯಲ್ಲಿ ಊರುಗೋಲು. ಕಾಸ್ಮಿರ್ ತಾನೇ ಎದ್ದು ಬಂದು, ಹರಿವಾಣದಲ್ಲಿ ಪಾಯಸ ಇಟ್ಟುಕೊಟ್ಟವನ ಹಾಗೆ ಫೋಟೋ ಮುಂದಿಟ್ಟ. ಟೀಚರ್ ಕನ್ನಡಕ ಏರಿಸಿ ನೋಡಿದರು. ಅವರ ಬೆರಳು ಆ ಹುಡುಗನ ಹೆಗಲ ಮೇಲೆ ಬಂದು ನಿಂತಿತು.

"ಎಲ್ಲಿ?" ಎಂದರು, ಅರಬಿಯಲ್ಲಿ. "ನನ್ನ ಕೈ ಎಲ್ಲಿ?"

ಕಾಸ್ಮಿರನಿಗೆ ಅರಬಿ ಅಂಗಡಿಯ ಮಟ್ಟಕ್ಕೆ ಬರುತ್ತಿತ್ತು, ಇದು ಅರ್ಥವಾಗಲು ಅಷ್ಟು ಸಾಕಿತ್ತು. ಆದರೂ ಪೆಚ್ಚಾಗಿ ಕೇಳಿದ. "ನಿಮ್ಮ ಕೈಯಾ ಟೀಚರ್?"

"ನನ್ನದೇ! ಈ ಲೋಕದಲ್ಲಿ ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಅದು. ಚುಕ್ಕೆ ತೆಗೆಯಿರಿ ಎಂದೆ, ನನ್ನನ್ನು ತೆಗೆಯಿರಿ ಎಂದೆನೇ?" ಅವರು ಕುರ್ಚಿಗೆ ಕುಸಿದರು. ಎಪ್ಪತ್ತೊಂಬತ್ತು ವರ್ಷದ ಆ ಗಟ್ಟಿ ಹೆಂಗಸು ಸಾಲಿನಲ್ಲಿ ನಿಂತ ಜನರೆಲ್ಲ ನೋಡುತ್ತಿದ್ದಂತೆ ಅತ್ತುಬಿಟ್ಟರು. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದೆನಲ್ಲ ಎಂದು ಕಾಸ್ಮಿರ್ ತಲೆ ಚಚ್ಚಿಕೊಂಡ.

ಸಫೂರಾ ಶಟರ್ ಅರ್ಧ ಎಳೆದು ಗಿರಾಕಿಗಳನ್ನು ಹೊರಗೆ ಕಳಿಸಿದಳು. ಲತೀಫ್ ನೀರು ಕೊಟ್ಟರು. ಟೀಚರ್ ಒಂದು ಗುಟುಕು ಕುಡಿದು, ಅರ್ಧ ಅರಬಿ ಅರ್ಧ ಇಂಗ್ಲಿಷಿನಲ್ಲಿ ವಿಷಯ ಹೇಳಿದರು. ಹೇಳುತ್ತಾ ಹೇಳುತ್ತಾ ಅಳು ಎಲ್ಲೋ ಹೋಯಿತು, ತರಗತಿಯಲ್ಲಿ ನಿಂತವರ ದನಿ ಬಂತು.

ಸಾವಿರದ ಒಂಬೈನೂರ ನಲವತ್ತಾರು. ಫ್ರೆಂಚರು ಡಮಾಸ್ಕಸ್ ಬಿಟ್ಟು ಹೋಗಿ ಆರು ತಿಂಗಳು. ಊರಿಗೆ ಊರೇ ಮದುವೆಮನೆ! ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಯ ಮಾಳಿಗೆಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಏಳು ಹುಡುಗರು ಸೇರಿದರು. ಅರಬಿ ಮಾತಾಡುವವರೆಲ್ಲ ಒಂದೇ ಮನೆಯವರು, ಸಮುದ್ರದಿಂದ ಸಮುದ್ರದವರೆಗೆ ಒಂದೇ ದೇಶ ಆಗಬೇಕು, ಅದಕ್ಕೊಂದು ಪಕ್ಷ ಕಟ್ಟಬೇಕು. ಅದರ ಹೆಸರು 'ಅಲ್-ಫಜ್ರ್', ಅಂದರೆ ಮುಂಜಾವು. ಏಳರಲ್ಲಿ ಒಬ್ಬ ಟೀಚರ ಅಣ್ಣ ಫುಆದ್. ಅವನ ಬೆನ್ನು ಹಿಡಿದು ಇವರೂ ಹೋಗಿದ್ದರು, ಹತ್ತೊಂಬತ್ತರ ಹುಡುಗಿ.

"ಏಳೂ ಜನ ಒಟ್ಟಿಗೇ ಕಿರುಚುತ್ತಿದ್ದರು," ಎಂದರು ಟೀಚರ್, ಕಣ್ಣು ಒರೆಸಿಕೊಂಡು ನಗುತ್ತ. "ಬರೆಯುವವರು ಯಾರು? ನಾನೇ ಕಾಗದ ಎಳೆದುಕೊಂಡೆ. ಅವರು ಹೇಳಿದ್ದನ್ನು ಬರೆದೆ, ಹೇಳದ್ದನ್ನೂ ಬರೆದೆ. 'ಗಡಿ ಎಳೆದವರು ಹೋದರು, ಗೆರೆಯನ್ನು ಬಿಟ್ಟುಹೋದರು. ಆ ಗೆರೆಯನ್ನು ಅಳಿಸುವವರು ನಾವು.' ಆ ವಾಕ್ಯ ನನ್ನದು. ಓದಿದಾಗ ಏಳೂ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಕೆಳಗಿನಿಂದ ರಟ್ಟಿನವನು ಏನಾಯಿತೋ ಅಂತ ಹೆದರಿ ಓಡಿಬಂದ!"

"ಮತ್ತೆ?" ಎಂದಳು ಸಫೂರಾ. ಅವಳ ಕಣ್ಣು ಅರಳಿತ್ತು.

ಮತ್ತೇನು? ಆ ವಾರವೇ ಎಂಟೂ ಜನ ಫೋಟೋ ತೆಗೆಸಿಕೊಂಡರು. ಎಡತುದಿಯಲ್ಲಿ ನಿಂತ ನಾಝಿಕ್, ಮುಂದೆ ಕೂತ ಹಿಕ್ಮತನ ಹೆಗಲ ಮೇಲೆ ಕೈ ಇಟ್ಟಳು. ಪಕ್ಷದ ಪತ್ರಿಕೆಗೆ ಆ ಫೋಟೋ ಹಾಕಬೇಕು ಎನ್ನುವಾಗ ಎಲ್ಲರಿಗೂ ಹೆದರಿಕೆ ಹತ್ತಿತು. ಹುಡುಗರ ಪಕ್ಷದಲ್ಲಿ ಒಬ್ಬಳು ಹುಡುಗಿ ಅಂದರೆ ಜನ ಏನನ್ನುತ್ತಾರೆ? ಸದ್ಯಕ್ಕೆ ತೆಗೆಯೋಣ, ಪಕ್ಷ ಗೆದ್ದ ದಿನ ಮತ್ತೆ ಹಾಕೋಣ ಎಂದ ಹಿಕ್ಮತ್. ನಾಝಿಕ್ ಹೂಂ ಅಂದಳು. ಫೋಟೋಗ್ರಾಫರ್ ಗಾಜಿನ ನೆಗೆಟಿವಿನಿಂದ ಅವಳನ್ನು ಕೆರೆದು ಪರದೆ ಮಾಡಿದ. ಕೈಯನ್ನು ಕೆರೆಯಲು ಹೋದರೆ ಹಿಕ್ಮತನ ಕೋಟು ಹಾಳಾಗುತ್ತಿತ್ತು, ಬಿಟ್ಟ. ಮೊದಲ ಪ್ರಿಂಟನ್ನು ಗುಟ್ಟಾಗಿ ಅವಳಿಗೇ ಕೊಟ್ಟ. ಪತ್ರಿಕೆಯಲ್ಲಿ ಚಿಕ್ಕದಾಗಿ ಅಚ್ಚಾದಾಗ ಕೈಯೂ ಮಸಿಯೊಳಗೆ ಮುಚ್ಚಿಹೋಯಿತು.

"ಆಮೇಲೆ ಪಕ್ಷ ಎರಡಾಯಿತು, ಎರಡು ನಾಲ್ಕಾಯಿತು. ಒಬ್ಬರನ್ನೊಬ್ಬರು ಜೈಲಿಗೆ ಕಳಿಸಿದರು. ನಾಲ್ಕು ಪಕ್ಷವೂ ಒಪ್ಪಿದ ಮಾತು ಒಂದೇ, ಸ್ಥಾಪಕರು ಏಳು ಜನ." ಟೀಚರ್ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಗೆರೆಗಳೆಲ್ಲ ಇದ್ದಲ್ಲೇ ಇವೆ. ಅಳಿಸಿದ್ದು ನನ್ನನ್ನು ಮಾತ್ರ!"

ಅದೇ ದಿನ ಮಧ್ಯಾಹ್ನ ಒಂದಕ್ಕೆ, ಕಡಲಂಚಿನ ಕಾರ್ನಿಷ್ ರಸ್ತೆಯ ಹತ್ತಿರದ ಹೋಟೆಲೊಂದರ ಹಾಲಿನಲ್ಲಿ ಒಂದು ಟೀವಿ ಚಾನೆಲ್ಲಿನವರ ರೆಕಾರ್ಡಿಂಗ್ ಇತ್ತು. ಪಕ್ಷ ಹುಟ್ಟಿ ಅರವತ್ತು ವರ್ಷ. ಬದುಕಿರುವ ಒಬ್ಬನೇ ಸ್ಥಾಪಕ ಡಾಕ್ಟರ್ ಹಿಕ್ಮತ್ ಪ್ಯಾರಿಸಿನಿಂದ ಬಂದಿದ್ದರು. ಟೀಚರನ್ನು ಕರೆದದ್ದು 'ಫುಆದನ ತಂಗಿ' ಎಂದು, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಲಿಕ್ಕೆ. ನಾನೂ ಅಲ್ಲಿದ್ದೆ ಎಂದು ಅವರು ಹೇಳಿದ್ದಕ್ಕೆ ನಿರೂಪಕ, "ಡಾಕ್ಟರು ಇಲ್ಲ ಅನ್ನುತ್ತಾರೆ. ಸಾಕ್ಷಿ ತಂದರೆ ಕ್ಯಾಮೆರಾದ ಮುಂದೆಯೇ ಕೇಳುತ್ತೇನೆ," ಎಂದಿದ್ದನಂತೆ. ಡಾಕ್ಟರಿಗೆ ಎಂಬತ್ನಾಲ್ಕು, ಟೀಚರಿಗೆ ಎಪ್ಪತ್ತೊಂಬತ್ತು. ಮುಂದಿನ ಸಲ ಎನ್ನುವ ಮಾತೇ ಇರಲಿಲ್ಲ.

ಕಾಸ್ಮಿರ್ ತಡವರಿಸಿದ. "ಟೀಚರ್, ನಿಮ್ಮ ಹಳೇ ಫೋಟೋ ಒಂದು ಕೊಡಿ. ಒಂದು ಗಂಟೆಯಲ್ಲಿ ನಿಮ್ಮನ್ನು ಪೂರ್ತಿ ಅಲ್ಲಿ ನಿಲ್ಲಿಸ್ತೇನೆ. ಯಾರಿಗೂ ಗೊತ್ತಾಗೂದಿಲ್ಲ, ಆಣೆ!"

"ನೀವು ನಿಲ್ಲಿಸಿದ ನಾನು ಸುಳ್ಳು," ಎಂದರು ಟೀಚರ್. "ಅಲ್ಲಿದ್ದ ಕೈ ನಿಜ. ನನಗೆ ಅದೇ ಬೇಕು."

ಕಾಸ್ಮಿರ್ ಸಫೂರಾಳ ಕಡೆ ತಿರುಗಿದ. "ಸ್ಕ್ಯಾನ್ ಮಾಡಿ ಇಟ್ಟಿದ್ದಿಯಾ ಮೊದಲೇ?"

"ಹಳೇ ಫೋಟೋಗೆ ಸ್ಕ್ಯಾನರಿನ ಬೆಳಕು ಆಗೂದಿಲ್ಲ, ಮುಟ್ಟಬೇಡ ಅಂತ ನನಗೆ ಬೈದವರು ಯಾರು ಕಾಸ್ಮಿರಣ್ಣ?"

ಲತೀಫ್ ಕಾಸ್ಮಿರನನ್ನು ಬದಿಗೆ ಎಳೆದು, ಊರ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಕರೆದು ಹೇಳಿದರು. "ಪೊರ್ಬುಗಳೆ, ದುಡ್ಡು ವಾಪಸ್ ಕೊಡುವ, ಮಾಫಿ ಕೇಳುವ. ಅರಬರ ಪಾರ್ಟಿ, ಅರಬರ ಜಗಳ. ನಮಗೆ ಯಾಕೆ ಮಾರಾಯ್ರೆ? ನಾಳೆ ವೀಸಾಕ್ಕೆ ತೊಂದರೆ ಆದ್ರೆ ಖಲಾಸ್."

"ಜಗಳ ಅವರದ್ದು ಬ್ಯಾರಿಗಳೆ, ಅಳಿಸಿದ್ದು ನಾನು." ಕಾಸ್ಮಿರ್ ಮೇಜಿನ ದೀಪ ಹಾಕಿ ಫೋಟೋವನ್ನು ಓರೆಯಾಗಿ ಹಿಡಿದ. ಬ್ಲೇಡು ಮುಟ್ಟಿಸಿರಲಿಲ್ಲ. ಒಳಗೆ ಇಳಿಯುವ ಡೈ ಹಾಕಿರಲಿಲ್ಲ. ಬರೀ ನೀರಿನ ಬಣ್ಣ, ಬರೀ ಗೋಂದು. ಮೇಲೆಯೇ ಕೂತಿದೆ! "ಬರ್ತದೆ! ತೊಳೆದ್ರೆ ಬರ್ತದೆ! ಬ್ಯಾರಿಗಳೆ, ಪಕ್ಕದ ಗ್ಯಾರೇಜಿಂದ ಬ್ಯಾಟರಿಗೆ ಹಾಕುವ ನೀರು ತನ್ನಿ. ನಲ್ಲಿ ನೀರು ಬೇಡ, ಉಪ್ಪು. ಯಲ್ಲಾ, ಓಡಿ!"

ವೀಸಾದ ಮಾತಾಡಿದ ಲತೀಫರೇ, ಉಟ್ಟದ್ದು ಲುಂಗಿಯಾಗಿದ್ದರೆ ಎತ್ತಿ ಕಟ್ಟುತ್ತಿದ್ದರೇನೋ, ಪ್ಯಾಂಟಾದ್ದರಿಂದ ಹಾಗೇ ಓಡಿದರು. ಹೊಟ್ಟೆ ಕುಣಿಸುತ್ತ ಹೋಗಿ, ಏದುಸಿರು ಬಿಡುತ್ತ ಕ್ಯಾನು ತಂದಿಟ್ಟರು.

ಹತ್ತೂವರೆ. ಕಡ್ಡಿಗೆ ಹತ್ತಿ ಸುತ್ತಿ, ನೀರಿಗೆ ಅದ್ದಿ, ಹಿಂಡಿ, ಕಾಸ್ಮಿರ್ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿದ. ಫೋಟೋ ಕಾಗದದ ಮೇಲೆ ಇರುವುದು ಜೆಲಾಟಿನ್ನಿನ ತೆಳು ಪದರ. ಅರವತ್ತು ವರ್ಷದ ಪದರಕ್ಕೆ ನೀರು ಹೆಚ್ಚಾದರೆ ಉಬ್ಬುತ್ತದೆ, ಉಜ್ಜಿದರೆ ಕಿತ್ತು ಬರುತ್ತದೆ. ಆಮೇಲೆ ಸಂತರೇ ಬಂದರೂ ಕೂಡಿಸಲಾರರು. ಹತ್ತಿಯನ್ನು ಉಜ್ಜದೆ ಬರೀ ಉರುಳಿಸಿದ. ಹತ್ತಿಗೆ ಬೂದು ಹತ್ತಿತು. ಒತ್ತುಕಾಗದ ಇಟ್ಟು ತೇವ ಹೀರಿಸಿದ. ಮತ್ತೊಂದು ಕಡ್ಡಿ. ಮತ್ತೆ ಉರುಳಿಸಿದ. ಟೀಚರ್ ಪಕ್ಕದಲ್ಲೇ ನಿಂತು, ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಉಗುರು ಕಚ್ಚುತ್ತಿದ್ದರು.

ಹನ್ನೊಂದಕ್ಕೆ ಕಪ್ಪು ಕೋಟಿನೊಳಗಿಂದ ಒಂದು ತಿಳಿ ಗೆರೆ ಮೇಲೆದ್ದಿತು. "ಬಂತು!" ಎಂದು ಸಫೂರಾ ಕಿರುಚಿದಳು. "ಕಿರುಬೆರಳು! ಮಾವ, ಕಿರುಬೆರಳು ಬಂತು!"

"ಬಾಯಿ ಮುಚ್ಚು ಮಗಾ, ಉಸಿರು ಬಿಡಬೇಡ," ಎಂದ ಕಾಸ್ಮಿರ್.

ಎರಡನೆಯ ಬೆರಳು ಬಂತು. ಮೂರನೆಯದಕ್ಕೆ ಬಂದಾಗ ಕಾಯಿಸಿದ ಹಾಲಿನ ಕೆನೆ ಏಳುವ ಹಾಗೆ ಪದರದ ಅಂಚು ಸಣ್ಣಗೆ ಎದ್ದಿತು. "ಸೊಮಿಯಾ!" ಎಂದು ದೇವರನ್ನು ಕರೆದ ಕಾಸ್ಮಿರ್ ಹತ್ತಿ ಎತ್ತಿ, ಎರಡೂ ಕೈ ಮೇಲೆ ಹಿಡಿದು ಕಲ್ಲಾದ. ಕಳೆದುಹೋದದ್ದನ್ನು ಹುಡುಕಿಕೊಡುವವರು ಸಂತ ಅಂತೋನಿ. ಬೀಗದ ಕೈ, ಬಂಗಾರದ ಓಲೆ, ಮೇಯಲು ಹೋದ ದನ, ಎಲ್ಲವನ್ನೂ ಅವರು ಕಾಸ್ಮಿರನ ಊರು ಶಿರ್ವದ ಕಡೆಯ ಜನಕ್ಕೆ ಹುಡುಕಿಕೊಟ್ಟಿದ್ದಾರೆ. ಒಬ್ಬ ಹೆಂಗಸಿನ ಕೈ ಬೇಕೆಂದು ಯಾರೂ ಕೇಳಿರಲಿಕ್ಕಿಲ್ಲ. ಕಾಸ್ಮಿರ್ ಕಣ್ಣು ಮುಚ್ಚಿ ಕೇಳಿಯೇಬಿಟ್ಟ.

"ಎಂತ ಗೊಣಗ್ತಾ ಇದ್ದೀರಿ?" ಎಂದರು ಲತೀಫ್.

"ಅಂತೋನಿಯವರಿಗೆ ಹರಕೆ."

"ನನ್ನ ಲೆಕ್ಕದಲ್ಲೂ ಒಂದು ಮೇಣದಬತ್ತಿ ಸೇರಿಸಿ ಮಾರಾಯ್ರೆ. ನಮ್ಮ ಅಂಗಡಿಯ ಮರ್ಯಾದೆ."

ಐದು ನಿಮಿಷ ಯಾರೂ ಅಲುಗಲಿಲ್ಲ. ಎದ್ದ ಅಂಚು ಒಣಗಿ ಮೆಲ್ಲಗೆ ಕೂತುಕೊಂಡಿತು. ಕಾಸ್ಮಿರ್ ಇನ್ನೂ ಸಣ್ಣ ಕಡ್ಡಿ ಹಿಡಿದು, ಇನ್ನೂ ಕಡಿಮೆ ನೀರಿನಲ್ಲಿ, ಗಾಳಿ ಸೋಕಿದಷ್ಟೇ ಹಗುರಾಗಿ ಉರುಳಿಸಿದ. ಮೂರನೆಯ ಬೆರಳು, ನಾಲ್ಕನೆಯದು, ಹೆಬ್ಬೆರಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪೂರಾ ಕೈ ಹಿಕ್ಮತನ ಹೆಗಲ ಮೇಲೆ ಕೂತಿತ್ತು. ತೆಳ್ಳಗಿನ ಹೆಣ್ಣುಕೈ, ತೋರುಬೆರಳ ಬುಡದಲ್ಲಿ ಶಾಯಿಯ ಕಲೆ. ಬರೆದ ಕೈ! ಟೀಚರ್ ಬಗ್ಗಿ ನೋಡಿ, ತಮ್ಮ ಸುಕ್ಕುಗಟ್ಟಿದ ಬಲಗೈಯನ್ನು ಅದರ ಪಕ್ಕದಲ್ಲಿಟ್ಟು, ಕಾಸ್ಮಿರನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅಂಥ ಪ್ರೀತಿಯ ಗುದ್ದು ಅವನಿಗೆ ತಾಯಿಯಿಂದಲೂ ಸಿಕ್ಕಿರಲಿಲ್ಲ.

ಆಮೇಲೆ ಎಲ್ಲವೂ ಓಟವೇ. ಕ್ಯಾಮೆರಾದಲ್ಲಿ ಪ್ರತಿ ತೆಗೆದು, ಸಫೂರಾ ಮೂರಡಿ ಅಗಲದ ಪ್ರಿಂಟ್ ಹೊಡೆದಳು. ಬಿಸಿ ಆರುವ ಮೊದಲೇ ಅದನ್ನು ರಟ್ಟಿಗೆ ಅಂಟಿಸಿದರು. ಲತೀಫರ ಕಾರಿನ ಹಿಂದಿನ ಸೀಟಿನಲ್ಲಿ ಕಾಸ್ಮಿರ್ ಅಡ್ಡವಾಗಿ ರಟ್ಟು ಹಿಡಿದು ಕೂತ. ಟೀಚರ್ ಮುಂದೆ. ಎಲ್ಲಿ ನೋಡಿದರೂ ಅಗೆದ ರಸ್ತೆ, ಕಿತ್ತಳೆ ಬಣ್ಣದ ಡ್ರಮ್ಮು, ಬಾಣದ ಗುರುತು. "ಈ ಗೇಮ್ಸ್ ಮುಗಿಯುವಾಗ ನನ್ನ ಕಾರೂ ಮುಗೀತದೆ," ಎನ್ನುತ್ತ ಲತೀಫ್ ಯಾವುದೋ ಸಂದಿಯಲ್ಲಿ ನುಗ್ಗಿಸಿ, ಒಂದೂ ಐದಕ್ಕೆ ಹೋಟೆಲಿನ ಬಾಗಿಲಿಗೆ ತಂದು ನಿಲ್ಲಿಸಿದರು.

ಹಾಲಿನಲ್ಲಿ ನೂರು ಜನ. ವೇದಿಕೆಯ ಮೇಲೆ ಒಂದು ಉದ್ದದ ಸೋಫಾ, ಅದರ ನಟ್ಟನಡುವೆ ಡಾಕ್ಟರ್ ಹಿಕ್ಮತ್. ಎತ್ತರದ, ಚೆಂದದ ಮುದುಕ. ನುಣುಪಾದ ದನಿ. ರಟ್ಟಿನಂಗಡಿಯ ಮಾಳಿಗೆಯ ಕಥೆಯನ್ನು ಆಗಲೇ ಹೇಳುತ್ತಿದ್ದರು. ಗಡಿ ಎಳೆದವರು ಹೋದರು, ಗೆರೆಯನ್ನು ಬಿಟ್ಟುಹೋದರು ಎನ್ನುವ ಮಾತು ಬಂದಾಗ ಜನ ಚಪ್ಪಾಳೆ ಹೊಡೆದರು. ಡಾಕ್ಟರು ತಲೆ ಬಾಗಿಸಿ ಆ ಚಪ್ಪಾಳೆಯನ್ನು ತಮ್ಮದೇ ಎಂಬಂತೆ ಸ್ವೀಕರಿಸಿದರು. ಗೋಡೆಗೆ ಒರಗಿ ನಿಂತ ಕಾಸ್ಮಿರನಿಗೆ ಮೈಯೆಲ್ಲ ಉರಿದುಹೋಯಿತು. ಎಂಥ ಗಂಡಸಯ್ಯ ಇವನು!

ನಿರೂಪಕ ಮಾತಿಗೆ ತಪ್ಪಲಿಲ್ಲ. ರಟ್ಟನ್ನು ವೇದಿಕೆಯ ಮೇಲೆ ತರಿಸಿ ನಿಲ್ಲಿಸಿದ. ಕ್ಯಾಮೆರಾ ಹತ್ತಿರ ಬಂತು. "ಡಾಕ್ಟರ್, ನಿಮ್ಮ ಹೆಗಲ ಮೇಲೊಂದು ಕೈ ಇದೆ. ನಾಝಿಕ್ ಮೇಡಂ ಅದು ತಮ್ಮದು ಅನ್ನುತ್ತಾರೆ."

ಡಾಕ್ಟರು ನಕ್ಕರು. "ಅದು ಫುಆದನ ಕೈ. ತಂಗಿಗೆ ಅಣ್ಣನ ಮೇಲೆ ಪ್ರೀತಿ, ಅಷ್ಟೇ."

"ಫುಆದ್ ಎರಡು ಕೈಯಲ್ಲೂ ಪತ್ರಿಕೆ ಹಿಡಿದಿದ್ದಾನೆ," ಎಂದರು ಟೀಚರ್ ಕೆಳಗಿನಿಂದ.

ಡಾಕ್ಟರು ನಿಧಾನಕ್ಕೆ ಕನ್ನಡಕ ಹಾಕಿ ನೋಡಿದರು. ನಗು ಸ್ವಲ್ಪ ಸಣ್ಣದಾಯಿತು. "ಈಗಿನ ಕಾಲದಲ್ಲಿ ಸ್ಟುಡಿಯೋದವರು ಏನು ಬೇಕಾದರೂ ಬರೆದುಕೊಡುತ್ತಾರೆ. ಇದು ಯಾರೋ ಅಂಗಡಿಯವನ ಕೈಚಳಕ."

ಹಾಲಿನಲ್ಲಿ ಗುಸುಗುಸು ಎದ್ದಿತು. ಟೀಚರ ಮುಖ ಬಿಳಿಚಿತು. ಲತೀಫ್ ಕಾಸ್ಮಿರನ ಅಂಗಿಯ ಚುಂಗು ಹಿಡಿದುಕೊಂಡರು. "ಪೊರ್ಬುಗಳೆ, ಸುಮ್ನಿರಿ. ನಿಮ್ಮ ದಮ್ಮಯ್ಯ."

ಕಾಸ್ಮಿರ್ ಸುಮ್ಮನಿರುತ್ತಿದ್ದನೋ ಏನೋ. ಹೆದರಿಕೆ ಅವನಿಗೂ ಇತ್ತು. ಆದರೆ ಮೂವತ್ತಾರು ವರ್ಷದ ಕಸುಬಿನ ಮೇಲೆ ಮಣ್ಣೆರಚಿದರೆ ಯಾವನು ತಡೆದುಕೊಂಡಾನು? ಚುಂಗು ಬಿಡಿಸಿಕೊಂಡು ನಡೆದೇಬಿಟ್ಟ. "ಆ ಅಂಗಡಿಯವ ನಾನು!" ಎಂದ, ಮುರುಕು ಅರಬಿಯಲ್ಲಿ. "ನಾನು ಕೈ ಬರೆಯಲಿಲ್ಲ. ನಾನು ಕೈ ಅಳಿಸಿದೆ!"

ಇಡೀ ಹಾಲು ಅವನ ಕಡೆ ತಿರುಗಿತು. ಒಂದು ಕ್ಯಾಮೆರಾ ಕೂಡ. ಕಾಸ್ಮಿರನ ಮಾತು ನಿಲ್ಲಲಿಲ್ಲ. "ಈ ಪಾರ್ಟಿ ನನಗೆ ಗೊತ್ತಿಲ್ಲ. ಟೀಚರ್ ನನಗೆ ಏನೂ ಹೇಳಿರಲಿಲ್ಲ. ಗುರುವಾರ ನಾನು ಎಣಿಸಿದೆ. ಏಳು ಜನ, ಹದಿನೈದು ಕೈ. ಇದು ಯಾರ ಕೈಯೂ ಅಲ್ಲ, ಹಳೇ ಫೋಟೋಗ್ರಾಫರನ ತಪ್ಪು ಅಂತ ಬಣ್ಣ ಹಾಕಿ ಮುಚ್ಚಿದೆ. ಇವತ್ತು ಅವರು ಅತ್ತರು. ತೊಳೆದೆ. ಬಂತು. ಅಳಿಸಬಹುದಾದ್ದು ನನ್ನ ಬಣ್ಣ ಮಾತ್ರ ಸಾರ್, ಈ ಕೈ ಅದರ ಅಡಿಯಲ್ಲಿ ಇತ್ತು!"

ಜೋಳಿಗೆಯಿಂದ ಅಸಲು ಫೋಟೋ ತೆಗೆದು ನಿರೂಪಕನ ಕೈಗಿಟ್ಟ. ಆಮೇಲೆ ರಟ್ಟಿನ ಮುಂದೆ ನಿಂತು, ಬೆರಳಿಟ್ಟು ಅರಬಿಯಲ್ಲೇ ಎಣಿಸತೊಡಗಿದ. ವಾಹದ್, ಇತ್ನೇನ್, ತಲಾತ. ನಾಲ್ಕನೆಯದಕ್ಕೆ ಮುಂದಿನ ಸಾಲಿನ ಒಬ್ಬ ಮುದುಕಿ ದನಿಗೂಡಿಸಿದಳು. ಟೀಚರ ಹಳೇ ವಿದ್ಯಾರ್ಥಿನಿ ಇರಬೇಕು. ಏಳಕ್ಕೆ ಅರ್ಧ ಹಾಲು ಎಣಿಸುತ್ತಿತ್ತು. ಫುಆದನ ಪತ್ರಿಕೆ ಹಿಡಿದ ಎರಡು ಕೈ ಬಂದಾಗ ಜನ ನಕ್ಕರು. ಹನ್ನೆರಡು, ಹದಿಮೂರು! ಗೋಡೆಯ ಹತ್ತಿರ ಲತೀಫ್ ಬ್ಯಾರಿಗಳೂ ವೀಸಾ ಮರೆತು ಕೂಗುತ್ತಿದ್ದರು. ಹದಿನಾಲ್ಕಕ್ಕೆ ಏಳು ಜನರ ಕೈ ಮುಗಿಯಿತು. ಕಾಸ್ಮಿರನ ಬೆರಳು ಹಿಕ್ಮತನ ಹೆಗಲಿಗೆ ಬಂದಾಗ ಇಡೀ ಹಾಲೇ ಒಂದು ಬಾಯಾಗಿ ಹದಿನೈದು ಎಂದಿತು.

ನಿರೂಪಕ ಫೋಟೋವನ್ನು ಡಾಕ್ಟರ ಮುಂದೆ ಹಿಡಿದ. "ಇದು ಯಾರ ಕೈ, ಡಾಕ್ಟರ್?"

ಡಾಕ್ಟರು ಬಗ್ಗಿ ನೋಡಿದರು. ಅವರ ಬಲಗೈ ತಾನಾಗಿ ಎದ್ದು ತಮ್ಮ ಹೆಗಲನ್ನು ಮುಟ್ಟಿಕೊಂಡಿತು. ನುಣುಪು ದನಿ ಈಗ ಬಿರುಕು ಬಿಟ್ಟಿತ್ತು. "ನನ್ನ ಹೆಗಲ ಮೇಲೆ ಇದ್ದ ಕೈ ಯಾರದ್ದೆಂದು ನನಗೆ ಗೊತ್ತಿಲ್ಲದೆ ಇರುತ್ತದೆಯೇ?" ಎಂದರು. "ನಾಝಿಕಳದ್ದು. ಆ ವಾಕ್ಯವೂ ಅವಳದ್ದೇ."

ಹಾಲು ಸ್ಫೋಟಿಸಿತು. ಹೆಂಗಸರು ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದರು. ಲತೀಫ್ ಓಡಿಬಂದು ಕಾಸ್ಮಿರನನ್ನು ತಬ್ಬಿಕೊಂಡು, "ಗೆದ್ದೆವು ಪೊರ್ಬುಗಳೆ, ಗೆದ್ದೆವು!" ಎಂದು ಕುಣಿದರು. ಕಾಸ್ಮಿರನ ಕಣ್ಣಲ್ಲಿ ದಳದಳ ನೀರು. ಆ ನೀರಿನ ನಡುವೆಯೂ ಅವನು ಟೀಚರನ್ನು ಹುಡುಕಿದ. ಅವರು ನಗುತ್ತಿರಲಿಲ್ಲ. ಊರುಗೋಲು ಊರಿಕೊಂಡು, ಯಾರ ಕೈಯನ್ನೂ ಹಿಡಿಯದೆ ವೇದಿಕೆಯ ಮೂರು ಮೆಟ್ಟಿಲು ಹತ್ತುತ್ತಿದ್ದರು. ಅವರು ಮೇಲೆ ಬಂದು ನಿಂತಾಗ ಗದ್ದಲ ತಾನೇ ಅಡಗಿತು.

"ಗೊತ್ತಿತ್ತಾ, ಹಿಕ್ಮತ್?" ಎಂದರು.

ಡಾಕ್ಟರು ತಲೆ ಎತ್ತಲಿಲ್ಲ. "ಗೊತ್ತಿತ್ತು."

"ಅರವತ್ತು ವರ್ಷವೂ?"

"ಅರವತ್ತು ವರ್ಷವೂ."

ಟೀಚರ್ ಅವರನ್ನೇ ನೋಡುತ್ತ ನಿಂತರು. "ನಾನು ಹುಚ್ಚಿ," ಎಂದರು. "ಮರೆತಿದ್ದೀಯ ಅಂದುಕೊಂಡಿದ್ದೆ. ಪಾಪ, ವಯಸ್ಸಾಯಿತು, ಜೈಲಲ್ಲಿ ಕೊಳೆತ, ಮರೆತಿರುತ್ತಾನೆ ಅಂತ ಪ್ರತಿವರ್ಷ ಕ್ಷಮಿಸುತ್ತ ಬಂದೆ."

ನಿರೂಪಕ ಬೇರೊಂದು ಕುರ್ಚಿ ತರಲು ಕೈಸನ್ನೆ ಮಾಡಿದ. ಟೀಚರ್ ಬೇಡವೆಂದು ಊರುಗೋಲು ಎತ್ತಿ ತಡೆದರು. ಅವರ ಕಣ್ಣು ಸೋಫಾದ ಮೇಲಿತ್ತು, ಅದರ ನಟ್ಟನಡುವೆ ಕಾಲು ಚಾಚಿ ಕೂತಿದ್ದ ಮನುಷ್ಯನ ಮೇಲಿತ್ತು.

"ಸರಿ," ಎಂದರು. "ಅತ್ತ ಸರಿದು ಕೂತುಕೋ. ನನಗೆ ಜಾಗ ಬೇಕು."

ಪಕ್ಷದ ಸ್ಥಾಪಕರು ಕ್ಯಾಮೆರಾದ ಮುಂದೆಯೇ ಎರಡೂ ಕೈಯನ್ನು ಸೋಫಾಕ್ಕೆ ಊರಿ, ಕಷ್ಟಪಟ್ಟು ಮೈ ಎತ್ತಿ, ಬದಿಗೆ ಸರಿದರು.